ನೀರು ಹಿಡೀರಿ!

ಎಲ್ಲ ಅವಾಂತರಕ್ಕೂ ಕಾರಣ ‘ಹಿಡೀರಿ’ ಎಂಬ ಒಂದೇ ಒಂದು ಮಾತು. ಆಡಿದವರು ನೆಲಮಹಡಿಯ ಬಕೆಟ್ ಸಾಹೇಬರು.

ಚಾವಣಿಯಲ್ಲಿ ಕೂತು, ಬೆಂಕಿಯ ಕಾವು ತಾಗಿದೊಡನೆ ತಾವಾಗಿಯೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳಿಗೆ ಯಾವ ಮನೆಯಲ್ಲಿ ಎಷ್ಟು ನೀರು ಬೇಕೆಂದು ಅಂದಾಜು ಹಾಕುವುದು ಅವರ ಕಸುಬು. ನಲ್ಲಿಯ ನೀರಿನ ರಭಸ ಅಳೆಯಲು ಸದಾ ಬಕೆಟ್ ಹಿಡಿದು ಸುತ್ತುವುದರಿಂದ ಆ ಹೆಸರು. ಊರಿಗೆಲ್ಲ ಲೆಕ್ಕ ಹಾಕಿಕೊಡುವ ಇವರ ಅಡುಗೆಮನೆಗೇ ಹೋದ ತಿಂಗಳು ಬೆಂಕಿ ಹತ್ತಿಕೊಂಡಿತ್ತು. ಮೇಲಿನ ಮಹಡಿಗಳವರೆಲ್ಲ ಕೊಡ, ಬಕೆಟ್ಟು, ಕೈಗೆ ಸಿಕ್ಕಿದ ಪಾತ್ರೆಗಳಲ್ಲಿ ನೀರು ತಂದು ಸುರಿದು ಅವರ ಹೆಂಡತಿಯನ್ನೂ ಮನೆಯನ್ನೂ ಉಳಿಸಿಕೊಟ್ಟರು. ಅಂದಿನಿಂದ ಮೆಟ್ಟಿಲಲ್ಲಿ ಯಾರು ಎದುರಾದರೂ ಸಾಹೇಬರ ಕಣ್ಣು ತುಂಬಿಬರುತ್ತಿತ್ತು. ಈ ಋಣ ತೀರಿಸಲು ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಹಾಕಿಸಲೇಬೇಕೆಂದು ಅವರು ಮಾಲೀಕರ ಬೆನ್ನುಬಿದ್ದರು.

“ಬೀದಿ ಪೈಪಿನ ನೀರೇ ಸಾಲೋದಾದ್ರೆ ಸರಿ, ಹಾಕಿಸ್ತೀನಿ,” ಎಂದರು ಮಾಲೀಕರು. “ಸಾಲ್ದೆ ಟ್ಯಾಂಕು, ಪಂಪು ಅಂತ ಶುರುವಾದ್ರೆ ಅದನ್ನಿಡೋಕೆ ನಿಮ್ಮ ಮುಂದಿನ ಕೋಣೆ ಬಿಟ್ಕೊಡ್ಬೇಕು ನೋಡಿ.”

ಸಾಹೇಬರಿಗಿದ್ದದ್ದೇ ಎರಡು ಕೋಣೆ. ಆದರೂ ಬೀದಿ ಪೈಪಿನ ಮೇಲೆ ಭಾರ ಹಾಕಿ ಒಪ್ಪಿಕೊಂಡರು.

ಬೀದಿ ಪೈಪಿನ ನೀರು ಸಾಲುತ್ತದೆಯೇ ಎಂದು ನೋಡುವ ಪರೀಕ್ಷೆಯ ದಿನ ಬೆಳಿಗ್ಗೆಯೇ ಮನೆಮನೆಗೂ ಹೋಗಿ, “ಮಾಲೀಕರು ಬಂದಾಗ ಸ್ವಲ್ಪ ನೀರು ಹಿಡೀರಿ, ಮರೀಬೇಡಿ,” ಎಂದು ಹೇಳಿಬಂದರು. ಬಳಸದೆ ತಡೆಹಿಡಿಯಿರಿ ಎಂಬುದು ಅವರ ಮನಸ್ಸಿನಲ್ಲಿದ್ದ ಅರ್ಥ.

ಮಾಲೀಕರು ಬಂದರು. ಮೇಲಿನ ಮಹಡಿಯ ಅಜ್ಜಿಯ ಬಚ್ಚಲಿನಲ್ಲಿ ಬಕೆಟ್ ಇಟ್ಟು ಸಾಹೇಬರು ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಎರಡು ಸ್ಪ್ರಿಂಕ್ಲರ್ ಒಟ್ಟಿಗೆ ಚಿಮ್ಮಿದರೂ ಸಾಲುವಷ್ಟು ನೀರು ಧೋ ಎಂದು ಸುರಿಯಬೇಕಿತ್ತು. ಅದು ನೆಗಡಿಯಾದ ಮಗುವಿನ ಮೂಗಿನಂತೆ ಸುರ್ ಎಂದು ಸಣ್ಣಗೆ ಇಳಿಯತೊಡಗಿತು.

“ಇದ್ರಲ್ಲಿ ಸಿಗರೇಟು ಕೂಡ ಆರೋದಿಲ್ಲ ಸಾಹೇಬ್ರೇ,” ಎಂದರು ಮಾಲೀಕರು.

ಸಾಹೇಬರು ಬೆವರೊರೆಸಿಕೊಳ್ಳುತ್ತ ಹೊರಬಂದರೆ, ಅಡುಗೆಮನೆಯಲ್ಲಿ ಅಜ್ಜಿ ನಲ್ಲಿಯ ಕೆಳಗೆ ಕೊಡವಿಟ್ಟು ಕಾದು ನಿಂತಿದ್ದರು. ಕೆಳಗಿನ ಮಹಡಿಯ ದರ್ಜಿಯ ಮನೆಗೆ ಓಡಿದರೆ ಅಲ್ಲಿ ಬಕೆಟ್ಟು, ಟಬ್ಬು ಎಲ್ಲ ತುಂಬಿ, ಹೂದಾನಿಯ ಸರದಿ ನಡೆದಿತ್ತು.

“ಏನ್ರೀ ಇದು?”

“ನೀವೇ ಹೇಳಿದ್ರಲ್ಲ ಸಾರ್, ನೀರು ಹಿಡೀರಿ ಅಂತ! ಮನೇಲಿ ಒಂದು ಚಮಚಾನೂ ಖಾಲಿ ಬಿಟ್ಟಿಲ್ಲ,” ಎಂದ ದರ್ಜಿ ಹೆಮ್ಮೆಯಿಂದ.

“ಅಯ್ಯೋ, ತಡ್ಕೊಳ್ಳಿ ಅಂದಿದ್ದು ಕಣ್ರೀ!”

ಎಲ್ಲರ ನಲ್ಲಿ ಮುಚ್ಚಿಸಿ ಏದುಸಿರು ಬಿಡುತ್ತ ಮೇಲೆ ಬಂದು ಮತ್ತೆ ತಿರುಗಿಸಿದರು. ನೀರು ಭೋರ್ಗರೆದು ಬಕೆಟ್ ತುಂಬಿ ಮಾಲೀಕರ ಪ್ಯಾಂಟನ್ನೂ ತೋಯಿಸಿತು.

“ಸಾಕು ಸಾಕು! ಟ್ಯಾಂಕು ಬೇಡ, ಕೋಣೆ ನಿಮ್ಮದೇ,” ಎಂದು ಮಾಲೀಕರು ಕೈಕುಲುಕಿದರು. ಸಾಹೇಬರಿಗೆ ಬಚ್ಚಲಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಬಾಗಿಲಲ್ಲಿ ಅಜ್ಜಿ, ಹಿಂದೆ ದರ್ಜಿ, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. “ನಮ್ಮಿಂದ ನಿನಗೆ ತೊಂದ್ರೆ ಆಯ್ತಲ್ಲಪ್ಪಾ.”

“ಪರವಾಗಿಲ್ಲ ಅಜ್ಜಿ. ನಿಜವಾಗ್ಲೂ ಬೆಂಕಿ ಬಿದ್ದಾಗ ಹೀಗೇ ನಲ್ಲಿ ಮುಚ್ಕೊಂಡಿದ್ರೆ ಸಾಕು.”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. “ಅದಾಗೋ ಮಾತೇನಪ್ಪಾ? ನಿಮ್ಮನೇಲಿ ಹೊಗೆ ಕಂಡ್ರೆ ನಾವು ನಲ್ಲಿ ಮುಚ್ಚಿ ಕೈಕಟ್ಟಿ ಕೂತ್ಕೋತೀವಾ? ಇರೋ ಬರೋ ನಲ್ಲಿ ಎಲ್ಲಾ ಬಿಟ್ಟು ನೀರು ಹಿಡ್ಕೊಂಡು ಓಡಿ ಬರ್ತೀವಿ!”

“ಅದಕ್ಕೇ ಅಂತ ದೊಡ್ಡ ಬಕೆಟ್ ತಂದಿಟ್ಟಿದೀನಿ ಸಾರ್,” ಎಂದ ದರ್ಜಿ.

ಸಾಹೇಬರ ನಗು ಅಲ್ಲೇ ನಿಂತಿತು. ಅಂದಾಜು ಹಾಕಬೇಕಾದದ್ದು ಪರೀಕ್ಷೆಯ ದಿನಕ್ಕಲ್ಲ, ಬೆಂಕಿ ಬಿದ್ದ ದಿನಕ್ಕೆ. ಆ ದಿನ ಈ ಜನ ಸುಮ್ಮನಿರುವವರಲ್ಲ. ಹಾಗಾದರೆ ಮೊದಲು ಬಂದ ಆ ಸಣ್ಣ ಧಾರೆಯೇ ಸರಿಯಾದ ಲೆಕ್ಕ. ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಉಳಿಯುತ್ತಿತ್ತು. ಆದರೆ ಹೆಂಡತಿಯ ಜೀವ ಉಳಿಸಿದವರ ಮುಖ ನೋಡುತ್ತ ಸುಳ್ಳು ಲೆಕ್ಕ ಒಪ್ಪಿಸಲು ಅವರಿಂದಾಗಲಿಲ್ಲ.

“ಮಾಲೀಕ್ರೇ,” ಎಂದರು ಸಾಹೇಬರು, “ಟ್ಯಾಂಕು ಬೇಕು.”

ಸಂಜೆಯೊಳಗೆ ಮುಂದಿನ ಕೋಣೆ ಖಾಲಿಯಾಯಿತು. “ಇನ್ಮೇಲೆ ನೆಂಟ್ರು ಬಂದ್ರೆ ಎಲ್ಲಿ ಕೂರಿಸೋದ್ರೀ?” ಎಂದು ಹೆಂಡತಿ ಕಣ್ಣು ಕಣ್ಣು ಬಿಟ್ಟಳು.

“ನಮ್ಮನೇಲಿ ಕಣಮ್ಮಾ,” ಎಂದರು ಅಜ್ಜಿ.

“ರಾತ್ರಿ ಉಳ್ಕೊಂಡ್ರೆ ನಮ್ಮನೆ ಇದೆ ಅಕ್ಕಾ,” ಎಂದ ದರ್ಜಿ, ಸೋಫಾದ ಒಂದು ತುದಿ ಎತ್ತಿ ಹೆಗಲಿಗೇರಿಸಿಕೊಳ್ಳುತ್ತ.

ಋಣ ತೀರಿಸಲು ಹೊರಟಿದ್ದ ಸಾಹೇಬರು ಇದ್ದ ಕೋಣೆಯನ್ನೂ ಕಳೆದುಕೊಂಡು, ಮೊದಲಿಗಿಂತ ದೊಡ್ಡ ಋಣ ಹೊತ್ತು, ಸೋಫಾದ ಇನ್ನೊಂದು ತುದಿ ಹಿಡಿದು ಮೆಟ್ಟಿಲು ಹತ್ತಿದರು.