ಬಿಚ್ಚದೆ ನೋಡಿದ ಗಿರಣಿ

ಒಳಗೆ ಏನಾಗಿದೆ ಎಂದು ಬಿಚ್ಚದೆ ಹೇಳುವುದೇ ನನ್ನ ಹೊಟ್ಟೆಪಾಡು. ನಾಲ್ಕು ವಾರ ನಡುಸಮುದ್ರದಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಂತ ತೈಲಬಾವಿಯ ಅಟ್ಟಣೆಯ ಮೇಲಿರುತ್ತೇನೆ. ಇನ್ನು ನಾಲ್ಕು ವಾರ ಹಗರಿಬೊಮ್ಮನಹಳ್ಳಿಯ ಮನೆಯಲ್ಲಿ. ಅಲ್ಲಿಯ ಪಂಪುಗಳನ್ನು ಸುಮ್ಮಸುಮ್ಮನೆ ನಿಲ್ಲಿಸುವಂತಿಲ್ಲ, ಬಿಚ್ಚುವಂತಿಲ್ಲ. ಹೊರಮೈಗೆ ಮಾಪಕ ಹಚ್ಚಿ ನಡುಕ ಅಳೆದು, ಬಿಸಿ ನೋಡಿ, ಒಳಗಿನ ಸವೆತವನ್ನು ಹೊರಗಿನಿಂದಲೇ ತಿಳಿದು ಬರೆಯಬೇಕು. ಇದರಿಂದ ಒಂದು ಚಟ ಅಂಟಿಕೊಂಡಿದೆ. ರಜೆಗೆ ಬಂದಾಗ ಮಿಕ್ಸರು, ಫ್ಯಾನು, ನೆಂಟರ ಮೋಟಾರ್ ಸೈಕಲ್ಲು, ಯಾವುದು ಸದ್ದು ಮಾಡಿದರೂ ಕಿವಿಗೊಟ್ಟು ತಲೆಯಾಡಿಸುತ್ತೇನೆ. "ಆ ಮಾಪಕ ನನಗೊಂದು ಹಚ್ಚಬ್ಯಾಡ್ರಿ ಮತ್ತ, ಎಲ್ಲಾ ಬರಕೊಂಡು ಹೋಗಿಬಿಟ್ಟೀರಿ" ಎನ್ನುತ್ತಾಳೆ ಹೆಂಡತಿ.

ನನ್ನ ಅಕ್ಕ ಹಂಪಸಾಗರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಕಳೆದ ರಜೆಯಲ್ಲಿ ಫೋನು ಮಾಡಿದಳು: "ತಮ್ಮಾ, ಮೂರು ದಿನದಿಂದ ಹಿಟ್ಟು ಕೈ ಸುಡಾಕತ್ತೈತಿ. ಬೇರಿಂಗು ಬಿಚ್ಚಿಸಿ ನೋಡಿಸ್ಲೇನು? ನಾ ಬೆಲ್ಟಿನ ಮಗ್ಗಲದಾಗ ನಿಂತಿರ್ತೀನಿ, ಅಂಜಿಕಿ ಆಗತೈತಿ."

"ಗಿರಣಿ ಹಿಟ್ಟು ಬಿಸಿ ಇರದ ತಣ್ಣಗಿರತೈತೇನಕ್ಕ?" ಎಂದು ನಕ್ಕೆ. ಮರುದಿನ, ಪೆನ್ನಿನಷ್ಟುದ್ದದ ನನ್ನ ಸ್ವಂತದ ಮಾಪಕವನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದೆ.

ಗಿರಣಿಯಲ್ಲಿ ಐದಾರು ಜನ ಜೋಳದ ಚೀಲ ಇಟ್ಟುಕೊಂಡು ಕೂತಿದ್ದರು. "ಕಾಳು ಹಾಕಬ್ಯಾಡಕ್ಕ, ಖಾಲಿ ಓಡಿಸು. ಧೂಳಿದ್ರ ಮಾಪಕಕ್ಕ ಆಗಂಗಿಲ್ಲ" ಎಂದೆ. ಅಕ್ಕ ಹಾಗೇ ಮಾಡಿದಳು. ಬೇರಿಂಗಿನ ಮೈಗೆ ಮಾಪಕ ಒತ್ತಿ ಹಿಡಿದೆ. "ಏನವ್ವಾ, ನಿನ್ನ ತಮ್ಮ ಗಿರಣಿಗೆ ಜ್ವರ ಬಂದೈತೇನಂತ ನೋಡಾಕತ್ಯಾನೇನು?" ಎಂದಳು ಒಬ್ಬ ಮುದುಕಿ. "ಸುಮ್ನಿರಬೇ, ಸಮುದ್ರದಾಗಿನ ಮಿಷಿನ್ ನೋಡಾವ ಅದಾನ" ಎಂದು ಅಕ್ಕ ಗದರಿದಳು. ನಡುಕದ ಅಂಕಿ ಚೆನ್ನಾಗಿಯೇ ಬಂತು. "ಏನೂ ಆಗಿಲ್ಲ. ಬಿಚ್ಚಿದ್ರನ ಕೆಡತೈತಿ" ಎಂದೆ.

ಅಕ್ಕ ಮುದುಕಿಯ ಜೋಳ ಸುರಿದಳು. ಮೊದಲು ಕಿರ್ ಎಂಬ ಸದ್ದು ಬಂತು. ಹಿಟ್ಟು ಬೀಳುವ ಡಬ್ಬಿ ಸರಿಸಲು ಅಕ್ಕ ಬಗ್ಗಿದಳು. ಅದೇ ಹೊತ್ತಿಗೆ ಬೇರಿಂಗು ತಿರುಗದೆ ಬಿಗಿದುಕೊಂಡು, ಬೆಲ್ಟು ಹರಿದು, ಅವಳ ಬೆನ್ನ ಮೇಲಿಂದ ಹಾದು ಗೋಡೆಗೆ ಬಡಿಯಿತು. ಗೋಡೆಯ ಮೇಲೆ ಗೇಣುದ್ದದ ಕರಿ ಗುರುತು. ಅಕ್ಕ ನೆಟ್ಟಗೆ ನಿಂತ ಮೇಲೆ ನೋಡಿದೆ: ಗುರುತು ಸರಿಯಾಗಿ ಅವಳ ಕಿವಿಯ ಎತ್ತರಕ್ಕಿತ್ತು.

"ನಮ್ಮ ತಮ್ಮಂದು ತಪ್ಪಿಲ್ರಿ, ಬೇರಿಂಗ ಹಳೇದಾಗಿತ್ತು" ಎಂದು ಅಕ್ಕ ಎಲ್ಲರಿಗೂ ಹೇಳಿದಳು. ಭಾರ ಹೊತ್ತಾಗಲೇ ಯಂತ್ರದ ನಡುಕ ನೋಡಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ; ಅದನ್ನು ಹೊಸಬರಿಗೆ ಕಲಿಸುವವನೇ ನಾನು. ಧೂಳಿನಿಂದ ಮಾಪಕಕ್ಕೆ ಏನೂ ಆಗುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಕೊಟ್ಟೂರಿನಲ್ಲಿ ಒಂದು ನಿಶ್ಚಿತಾರ್ಥವಿತ್ತು. ನಾನು ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡಿದ್ದೆ. ಹಿಟ್ಟು ಹಾರಿ ಕೂತೀತು ಎಂದು ಕಾಳು ನಿಲ್ಲಿಸಿದ್ದೆ. ಇಷ್ಟೇ ಕಾರಣ. ಇದನ್ನು ಅಕ್ಕನಿಗಾಗಲಿ ಹೆಂಡತಿಗಾಗಲಿ ಹೇಳಲಿಲ್ಲ.

ಈ ರಜೆಯಲ್ಲಿ ಮತ್ತೆ ಹೋದೆ. ಹೊಸ ಬೇರಿಂಗು, ಹೊಸ ಬೆಲ್ಟು. ಗೋಡೆಯ ಗುರುತು ಮಾತ್ರ ಹಳೆಯದೇ. ಜೇಬಿನಿಂದ ಮಾಪಕ ತೆಗೆಯಲು ಧೈರ್ಯ ಬರಲಿಲ್ಲ. ಓಡುತ್ತಿದ್ದ ಗಿರಣಿಯಿಂದ ಅಕ್ಕ ಒಂದು ಹಿಡಿ ಹಿಟ್ಟು ತೆಗೆದು ನನ್ನ ಅಂಗೈಗೆ ಹಾಕಿ, "ನೋಡು, ಇಷ್ಟು ಬಿಸಿ ಇರಬೇಕು" ಎಂದಳು. ಹಿಟ್ಟು ತೋಳಿನ ಮೇಲೆಲ್ಲ ಉದುರಿತು. ಅವಳು ನನ್ನ ಹಳೆಯ, ಮಾಸಿದ ಅಂಗಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಅವತ್ತೂ ಇದನ್ನ ಹಾಕ್ಕೊಂಡು ಬಂದಿದ್ರ ಆಗ್ತಿತ್ತಲ್ಲೋ ತಮ್ಮಾ" ಎಂದಳು.

ನನ್ನನ್ನು ಅವಳು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.