ಬಾಗಿಲು ತೆರೆಯದ ಒಡಪು

ಎರಡು ಸಾಲಿನ ಪ್ರಾಸದ ಒಡಪಿನಲ್ಲಿ ಹೆಂಡತಿಯ ಹೆಸರು ಹೇಳಿಬಿಟ್ಟರೆ ಕಾಂತೇಶ ತನ್ನದೇ ಮನೆಯೊಳಗೆ ಕಾಲಿಡಬಹುದಿತ್ತು. ಸವದತ್ತಿಯಲ್ಲಿ ಮದುವೆ ಸುಸೂತ್ರವಾಗಿ ಮುಗಿದು, ದಿಬ್ಬಣ ಬೈಲಹೊಂಗಲಕ್ಕೆ ಬಂದಿಳಿದಿತ್ತು. ಆದರೆ ಬಾಗಿಲಿಗೆ ಅಡ್ಡಲಾಗಿ ಅವನ ಸೋದರತ್ತೆ ಶೆಟ್ಟೆವ್ವ ನಿಂತಿದ್ದಳು. ಹೆಸರು ಹೇಳದ ಮದುಮಕ್ಕಳನ್ನು ಆಕೆ ಒಳಗೆ ಬಿಟ್ಟ ದಾಖಲೆಯಿಲ್ಲ.

ಕಾಂತೇಶ ಮೋಟಾರು ರಿಪೇರಿಯವನು. ಎಂಥ ಗದ್ದಲದಲ್ಲೂ ದಿನವಿಡೀ ಕೂರಬಲ್ಲ. ನಾಲ್ಕು ಜನ ಸುಮ್ಮನಾಗಿ ಅವನ ಬಾಯಿ ನೋಡಿದರೆ ಮಾತ್ರ ಮುಗಿಯಿತು. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಮಾತು ಹೊರಡುವುದಿಲ್ಲ. ಮದುವೆ ಗೊತ್ತಾದ ಮೇಲೆ ಪಾಪ, ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿಬಂದಿದ್ದ.

"ಭಾಳ ಮಂದಿಗೆ ಇರತೈತ್ರಿ ಇದು, ನಾಚಿಕಿ ಪಡಬ್ಯಾಡ್ರಿ," ಎಂದಿದ್ದರು ಡಾಕ್ಟರು. "ಮೊದಲ ಒಬ್ಬರ ಮುಂದ ಹೇಳ್ರಿ, ಆಮ್ಯಾಲ ಇಬ್ಬರ ಮುಂದ. ಉಸರ ಸಾವಕಾಶ ಬಿಡ್ರಿ. ಓಡಿದಷ್ಟೂ ಹೆದರಿಕಿ ದೊಡ್ಡದಾಗತೈತಿ."

ಕಾಂತೇಶ ಪಕ್ಕದ ಮನೆಯ ಗೆಳೆಯ ಬಾಳುವಿನ ಮುಂದೆ ಒಡಪು ಹೇಳಿ ರೂಢಿ ಮಾಡಿಕೊಂಡ. ಇಬ್ಬರ ಮುಂದೆ ಹೇಳುವ ಹಂತ ಬರುವಷ್ಟರಲ್ಲಿ ಮದುವೆಯೇ ಬಂದುಬಿಟ್ಟಿತು.

ಮದುಮಗಳು ಪ್ರಜ್ಞಾ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಮೊದಲ ದಿನವೇ ಇವಳ ಮುಂದೆ ಮಾನ ಹೋದರೆ ಸಂಸಾರ ಮಾಡುವುದು ಹೇಗೆ ಎಂಬುದೊಂದೇ ಅವನ ಚಿಂತೆ.

"ಯಾಕೋ, ಹಿಂಗ ಬೆವರಾಕ ಹತ್ತಿ?" ಎಂದಳು ಶೆಟ್ಟೆವ್ವ. "ದೃಷ್ಟಿ ಆಗೇತಿ ನಿನಗ."

ಬೇಡವೆನ್ನುವ ಮೊದಲೇ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿಸಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ಇಲ್ಲಿ ಘಾಟು ಓಣಿಯ ತುದಿ ಮುಟ್ಟಿತು. ಕೆಮ್ಮಿ ಕೆಮ್ಮಿ ಕಾಂತೇಶನ ಗಂಟಲಲ್ಲಿದ್ದ ಅಷ್ಟಿಷ್ಟು ದನಿಯೂ ಹೋಯಿತು.

ಬಾಳುವಿಗೆ ಕರುಳು ಚುರ್ ಎಂದಿತು. ಓಡಿಹೋಗಿ ಮೆರವಣಿಗೆಗೆ ತಂದಿದ್ದ ಮೈಕನ್ನು ತಂದ. "ಇದರಾಗ ಹೇಳ ದೋಸ್ತ, ಪಿಸುಗುಟ್ಟಿದ್ರೂ ಸಾಕು," ಎಂದ. ಅಷ್ಟಕ್ಕೇ ಸುಮ್ಮನಿರದೆ ತಾನೇ ಮೊದಲು ಕೂಗಿದ: "ಕಾಂತೇಶ ಹೆಂಡತಿ ಹೆಸರ ಹೇಳತಾನ, ಎಲ್ಲಾರೂ ಬರ್ರಿ."

ಚಹಾದಂಗಡಿಯವರು ಕಪ್ಪು ಸಮೇತ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಟಂಟಂ ಆಟೋ ನಿಂತು ಪ್ರಯಾಣಿಕರೆಲ್ಲ ಇಳಿದರು, ಓಡಿಸುವವನೂ ಇಳಿದ.

ಕಾಂತೇಶನಿಗೆ ಓಡಿಹೋಗಬೇಕೆನಿಸಿತು. ಆದರೆ ಹಿಂದೆ ಜನ, ಮುಂದೆ ಅತ್ತೆ. ಹೀಗಾಗಿ ಡಾಕ್ಟರ ಮಾತು ಪಾಲಿಸುವುದೊಂದೇ ಉಳಿಯಿತು. ಕಣ್ಣು ಮುಚ್ಚಿ ಉಸಿರನ್ನು ಸಾವಕಾಶ ಬಿಟ್ಟ. ಮೈಕಿನಲ್ಲಿ ಅದು ಲಾರಿಯ ಟೈರಿನಿಂದ ಗಾಳಿ ಬಿಟ್ಟ ಹಾಗೆ ಕೇಳಿತು. ಜನ ನಕ್ಕರು. ಅವನಿಗೂ ನಗು ಬಂತು, ನಗುತ್ತಲೇ ಹೇಳಿಬಿಟ್ಟ:

"ಮನೋಳಿ ಹೊಳಿ ದಂಡ್ಯಾಗ ಮಾವಿನ ತೋಪ,
ಪ್ರಜ್ಞಾ ಬಂದ್ಲು ನಮ್ಮನಿಗೆ, ಹಚ್ಚಿದಂಗ ದೀಪ."

ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಇನ್ನೊಮ್ಮೆ ಎಂದರು, ಹೇಳಿದ. ಯಾರೂ ಕೇಳದಿದ್ದರೂ ಮತ್ತೊಮ್ಮೆ ಹೇಳಿದ. ಹುಟ್ಟಿದಾಗಿನಿಂದ ಅವನಿಗೆ ಇಷ್ಟು ಖುಷಿ ಆಗಿರಲಿಲ್ಲ.

"ಶಹಬ್ಬಾಸ್," ಎಂದಳು ಶೆಟ್ಟೆವ್ವ. "ನೀ ಬಾಯಿ ಬಿಡಲಿಲ್ಲಂದ್ರ ಇಬ್ಬರನ್ನೂ ಹಂಗ ಒಳಗ ಕರಕೋಬೇಕಂತ ಮಾಡಿದ್ದೆ. ಈಗ ನಿನ್ನ ಪಾಳಿ, ಪ್ರಜ್ಞಾ. ಗಂಡಗಿಂತ ಜೋರ ಹೇಳಬೇಕ ನೋಡ."

ಕಾಂತೇಶ ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದ. ಅವಳ ಹಣೆಯ ತುಂಬ ಬೆವರು, ಕೈಬಳೆಗಳು ತಾವಾಗಿ ಸದ್ದು ಮಾಡುತ್ತಿದ್ದವು. ಆ ಬೆವರು ಅವನಿಗೆ ಚೆನ್ನಾಗಿ ಪರಿಚಯದ್ದು. ಬಾಗಿ ಮೆಲ್ಲಗೆ ಕೇಳಿದ, "ನಿನಗೂ ಐತೇನ?"

ಪ್ರಜ್ಞಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನನ್ನಂಗ ನಿಮಗೂ ಮಂದಿ ಮುಂದ ಬಾಯಿ ಬರೂದಿಲ್ಲ ಅಂತ ಕೇಳೇ ನಾ ಈ ಮದುವಿಗೆ ಹೂಂ ಅಂದಿದ್ದೆ."

ಕಾಂತೇಶನ ಕೈಯಲ್ಲಿದ್ದ ಮೈಕು ಅದನ್ನು ಓಣಿಗೆಲ್ಲ ಕೇಳಿಸಿತು.

"ಮಾತ ಚಲೋ ಬರತಾವಲ್ಲವಾ," ಎಂದಳು ಶೆಟ್ಟೆವ್ವ. "ಅದಕ್ಕೊಂದ ಗಂಡನ ಹೆಸರ ಹಚ್ಚಿ ಹೇಳಿಬಿಡು," ಎಂದವಳೇ ಒಳಗಿನಿಂದ ಕುರ್ಚಿ ತರಿಸಿ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಳು.