ಕೋವಿಯ ಪಕ್ಕ ಫೋನು

ಮೊಬೈಲ್ ಫೋನನ್ನು ಕೋವಿಯ ಪಕ್ಕ ಮಲಗಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ನಮ್ಮೂರು ಬಿಟ್ಟಂಗಾಲಕ್ಕೆ ಬನ್ನಿ, ನಮ್ಮ ದೊಡ್ಡಪ್ಪನನ್ನು ತೋರಿಸುತ್ತೇನೆ. ಬರುವಾಗ ನಿಮ್ಮ ಫೋನು ಮನೆಯಲ್ಲೇ ಬಿಟ್ಟು ಬಂದರೆ ಕ್ಷೇಮ!

ಗದ್ದೆ ನಾಟಿಯ ಕಾಲದಲ್ಲಿ ಕೋವಿ ದೇವರ ಕೋಣೆ ಸೇರಿದರೆ, ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದವರೆಗೆ ಯಾರೂ ಮುಟ್ಟುವಂತಿಲ್ಲ ಎನ್ನುವುದು ನಮ್ಮ ಕಡೆಯ ಕಟ್ಟುಪಾಡು. ಈ ವರ್ಷ ದೊಡ್ಡಪ್ಪ ಅದಕ್ಕೊಂದು ಬಾಲ ಸೇರಿಸಿದರು. ಸಂಜೆ ಐದರಿಂದ ಆರರವರೆಗೆ ಎಲ್ಲರ ಫೋನೂ ಕೋವಿಯ ಪಕ್ಕ, ಎಲ್ಲರ ಕೈಯಲ್ಲೂ ಪುಸ್ತಕ! ಮನೆಯಲ್ಲಿ ಎರಡು ಕಪಾಟು ಪುಸ್ತಕವಿದೆ. ಗೆದ್ದಲು ಮುಗಿಸುವ ಮೊದಲು ನಾವು ಓದಬೇಕೆಂಬುದು ಅವರ ಹಠ.

"ಕೋವಿ ಮುಟ್ಟದೆ ಎರಡು ತಿಂಗಳು ಇರ್ತೇವೆ, ಫೋನ್ ಮುಟ್ಟದೆ ಒಂದು ಗಂಟೆ ಇರ್ಲಿಕ್ಕೆ ಆಗುದಿಲ್ವಾ?"

ಅವರ ಮಗ, ನನ್ನ ಅಣ್ಣ, ಗೊಣಗಿದ. "ಐದೂವರೆಗೆ ಕರಿಮೆಣಸಿನ ರೇಟು ಬರ್ತದಪ್ಪಾ."

"ತಡವಾಗಿ ನೋಡಿದ್ರೆ ಮೆಣಸು ವಾಪಸ್ ಬಳ್ಳಿಗೆ ಹೋಗ್ತದಾ?"

ಅಣ್ಣ ಪುಸ್ತಕ ಹಿಡಿದು ದೇವರ ಕೋಣೆಯ ಬಾಗಿಲನ್ನೇ ಓದತೊಡಗಿದ. ಎಂದೂ ಕೈಮುಗಿಯದ ಅತ್ತಿಗೆ ಒಂದೇ ಗಂಟೆಯಲ್ಲಿ ಮೂರು ಸಲ ದೀಪಕ್ಕೆ ಎಣ್ಣೆ ಹಾಕಿ ಬಂದರು. ನಮ್ಮಲ್ಲಿ ಓದು ಹೆಚ್ಚಲಿಲ್ಲ, ದೈವಭಕ್ತಿ ಹೆಚ್ಚಿತು! ನನ್ನದಾದರೂ ಏನು? ಒಂದು ವಾರದಲ್ಲಿ ಓದಿದ್ದು ಮುನ್ನುಡಿ. ಅದರಲ್ಲಿ ನೆನಪಿದ್ದದ್ದು ಲೇಖಕರು ಹೆಂಡತಿಗೆ ಹೇಳಿದ ಧನ್ಯವಾದ ಮಾತ್ರ. ನಮ್ಮಿಂದ ಇನ್ನು ಓದು ಸಾಧ್ಯವಿಲ್ಲವೆಂದು ನಾನಂತೂ ಕೈಚೆಲ್ಲಿದ್ದೆ.

ವಾರ ತುಂಬಿದ ದಿನ ಆರು ಗಂಟೆಗೆ ಫೋನು ಸಿಕ್ಕಿದ್ದೇ ಎಲ್ಲರೂ ಚದುರಿದರು. ದೊಡ್ಡಪ್ಪ ಮಾತ್ರ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತೇ ಇದ್ದರು. ಬಗ್ಗಿ ನೋಡಿದೆ. ಮೊದಲ ದಿನದ ಅದೇ ಪುಟ!

"ಏನು ದೊಡ್ಡಪ್ಪ, ನಾಟಿ ಮಾಡಿದ ಪುಟ ಬೇರು ಬಿಟ್ಟಿತಾ?" ಎಂದೆ.

ಅವರು ನಗಲಿಲ್ಲ. "ಆಗ್ತಾ ಇಲ್ಲ ಮಾರಾಯ. ಕಣ್ಣು ಸರಿ ಉಂಟು, ಮನಸ್ಸು ನಿಲ್ಲುದಿಲ್ಲ. ಒಂದು ಸಾಲು ಓದುವಷ್ಟರಲ್ಲಿ ಕೈ ಜೇಬಿಗೆ ಹೋಗ್ತದೆ. ಕೂತಲ್ಲೇ ಪುಸ್ತಕ ಮುಗಿಸ್ತಿದ್ದವ ನಾನು. ನೀವೆಲ್ಲ ಎದುರಿಗಿದ್ರೆ ನಾಚಿಕೆಗಾದ್ರೂ ಓದ್ತೇನೆ ಅಂತ ಇಷ್ಟೆಲ್ಲ ಮಾಡಿದ್ದು."

ನನಗೆ ತುಂಬ ಸಂಕಟವಾಯಿತು. ಒಂದು ವಾರ ನಾವು ನಕ್ಕದ್ದು ಯಾರನ್ನು ನೋಡಿ? ಪಕ್ಕದಲ್ಲಿ ಕೂತು, ಪುಸ್ತಕ ತೆಗೆದುಕೊಂಡು, ಗಟ್ಟಿಯಾಗಿ ಓದತೊಡಗಿದೆ. ನಾಲ್ಕನೆಯ ಸಾಲಿಗೆ ಜೇಬಿನಲ್ಲಿ ಫೋನು ಗುರ್ರೆಂದಿತು. ತೆಗೆಯಲಿಲ್ಲ. ಆದರೆ ಎಲ್ಲಿದ್ದೆನೆಂಬುದೇ ತಪ್ಪಿಹೋಗಿ ಪುಟದ ತುಂಬ ಹುಡುಕಿದೆ.

ದೊಡ್ಡಪ್ಪನ ಬೆರಳು ಮೆಲ್ಲನೆ ಬಂದು ಆ ಸಾಲಿನ ಕೆಳಗೆ ನಿಂತಿತು.

"ಇಲ್ಲಿ ಮಗಾ. ಇಲ್ಲಿಂದ ಓದು."